ಕಂಬಳಿ ವ್ಯಾಪಾರಿಯ ನಾಯಿ

ಪಂಪಾಪತಿ ಗುರುಗಳನ್ನು ಕೇಳಿದ: "ಒಂದೇ ತಪ್ಪು ಮತ್ತೆ ಮತ್ತೆ ಬಂದು ಮನಸ್ಸಿನ ಅದೇ ಜಾಗದಲ್ಲಿ ಕೂರುತ್ತದೆ. ಪ್ರತಿಸಲವೂ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ. ಆದರೂ ಅದು ಏಕೆ ಹೋಗುವುದಿಲ್ಲ?"

"ಯಾವ ತಪ್ಪು?" ಎಂದರು ಗುರುಗಳು.

ಪಂಪಾಪತಿ ತಲೆ ತಗ್ಗಿಸಿ "ಹೊಟ್ಟೆಕಿಚ್ಚು" ಎಂದ.

ಮಠಕ್ಕೆ ಹೊಸದಾಗಿ ಬಂದ ಶಿಷ್ಯನೊಬ್ಬನ ಕಂಠ ಚೆನ್ನಾಗಿತ್ತು. ಸಂಜೆಯ ಭಜನೆಯನ್ನು ಮೊದಲೆಲ್ಲ ಪಂಪಾಪತಿಯೇ ಎತ್ತಿಕೊಡುತ್ತಿದ್ದ. ಈಗ ಬಂದವರೆಲ್ಲ ಹೊಸಬನ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ಕಿಚ್ಚು ಎದ್ದ ದಿನ ಪಂಪಾಪತಿ ಊಟ ಬಿಡುತ್ತಿದ್ದ. ಬೆಳಗ್ಗೆ ಕೊಳದ ತಣ್ಣೀರಿನಲ್ಲಿ ನಿಂತು, ತಾನು ನೀಚ, ತಾನು ಹೊಟ್ಟೆಕಿಚ್ಚಿನವನು ಎಂದು ಹೇಳಿಕೊಳ್ಳುತ್ತಿದ್ದ. ಕಿಚ್ಚು ಏಳದ ದಿನವೂ, ಎದ್ದೀತೆಂಬ ಭಯಕ್ಕೆ, ಹೋಗಿ ನಿಂತುಬಿಡುತ್ತಿದ್ದ. ಮೈ ಸೊರಗಿತ್ತು. ಕಿಚ್ಚು ಮಾತ್ರ ದಷ್ಟಪುಷ್ಟವಾಗಿತ್ತು.

"ಇದಕ್ಕಿಂತ ದೊಡ್ಡ ಪ್ರಾಯಶ್ಚಿತ್ತವಿದ್ದರೆ ಹೇಳಿ. ಇಲ್ಲವಾದರೆ ಮಠ ಬಿಡಲು ಅಪ್ಪಣೆ ಕೊಡಿ" ಎಂದ. ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು.

ಗುರುಗಳು ಗಂಟನ್ನು ನೋಡಿದರು. "ಹೋಗುವವನನ್ನು ಹಿಡಿಯುವುದಿಲ್ಲ. ಕೂತು ಒಂದು ಕತೆ ಕೇಳಿ ಹೋಗು" ಎಂದು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಕಂಬಳಿ ವ್ಯಾಪಾರಿಯಿದ್ದ. ಕುರಿಗಾರರ ಹಟ್ಟಿಗಳಿಗೆ ಹೋಗಿ ಕಂಬಳಿ ಕೊಳ್ಳುತ್ತಿದ್ದ, ತಂದು ಮನೆಯ ಮುಂಗೋಣೆಯಲ್ಲಿ ಒಟ್ಟುತ್ತಿದ್ದ, ಸಂತೆಗಳಿಗೆ ಒಯ್ದು ಮಾರುತ್ತಿದ್ದ. ಮನೆಯಲ್ಲಿ ತಾಯಿ, ಹೆಂಡತಿ, ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಹಸು. ಮಾತು ಕೊಟ್ಟರೆ ತಪ್ಪದವನು ಎಂದು ಅವನಿಗೆ ಹೆಸರಿತ್ತು. ಹಟ್ಟಿಯ ಜನ ಆ ಹೆಸರನ್ನು ನಂಬಿಯೇ ಅವನಿಗೆ ಮಾಲು ಕೊಡುತ್ತಿದ್ದರು.

ಆ ಕುರಿಗಾರರಲ್ಲಿ ಒಬ್ಬ ಮುದುಕನಿಗೆ ಮಂಡಿ ಹಿಡಿದುಕೊಂಡಿತ್ತು. ಕುರಿಯ ಹಿಂದೆ ನಡೆಯಲಾಗದೆ, ಮಂದೆಯನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ಮಗಳ ಮನೆಗೆ ಹೊರಟು ನಿಂತಿದ್ದ. ಮಂದೆಗೆ ಎಳೆಯ ನಾಯಿಗಳಿದ್ದವು. ಅವನ ಹಳೆಯ ನಾಯಿ ಮಾತ್ರ ಮಂದೆಯ ಜೊತೆ ಹೋಗದೆ ಅವನ ಕಾಲ ಬಳಿ ಮಲಗಿತ್ತು.

"ಮಗಳ ಮನ್ಯಾಗೆ ನನ್ನ ಇಟ್ಕಂಡ್ರೇ ಹೆಚ್ಚು. ಇದನ್ನ ಎಲ್ಲಿಗೆ ಒಯ್ಲಿ? ನೀನು ಕರಕಂಡು ಹೋಗಪ್ಪ" ಎಂದ ಮುದುಕ. "ಒಂದೇ ಮಾತು. ಕಟ್ಟಬ್ಯಾಡ. ಹಗ್ಗ ಕಂಡಿದ್ದಲ್ಲ ಅದು."

"ಕಟ್ಟಲ್ಲ. ಬೀದಿಪಾಲೂ ಮಾಡಲ್ಲ" ಎಂದು ವ್ಯಾಪಾರಿ ಅವನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ. ಮುದುಕ ತಿರುಗಿ ನೋಡದೆ ಹೋದ. ನೋಡಿದ್ದರೆ ನಾಯಿ ಹಿಂದೆ ಓಡುತ್ತಿತ್ತು, ಅವನಿಗೂ ಬಿಟ್ಟು ಹೋಗಲು ಆಗುತ್ತಿರಲಿಲ್ಲ.

ನಾಯಿಗೆ ಹೆಸರಿರಲಿಲ್ಲ. ಮುದುಕ ಸಿಳ್ಳೆ ಹಾಕಿದರೆ ಬರುತ್ತಿತ್ತು. ವ್ಯಾಪಾರಿಗೆ ಸಿಳ್ಳೆ ಬಾರದು. ಬಂದಿದ್ದರೂ ಮನೆಯೊಳಗೆ ಹಾಕುವಂತಿರಲಿಲ್ಲ, ತಾಯಿ ಬಿಡುತ್ತಿರಲಿಲ್ಲ. ಹೀಗಾಗಿ ಅವನು ಅದನ್ನು "ಬಾರಪ್ಪ, ಹೋಗಪ್ಪ" ಎಂದು ನೆಂಟನನ್ನು ಕರೆದಂತೆ ಕರೆಯುತ್ತಿದ್ದ.

ಅದು ಗೋಡೆ ಕಂಡ ನಾಯಿಯಲ್ಲ. ಹುಟ್ಟಿದ್ದು ಬಯಲಿನಲ್ಲಿ, ಬೆಳೆದದ್ದು ಬಯಲಿನಲ್ಲಿ. ವ್ಯಾಪಾರಿಯ ಮನೆ ಮುಟ್ಟಿದಾಗ ಬಾಗಿಲು ಎಂದರೇನೆಂದು ತಿಳಿಯದೆ ಜಗಲಿಯ ಮೇಲೆ ನಿಂತಿತು. ಹೆಂಡತಿ ಒಳಗಿನಿಂದ ಬಂದು ನೋಡಿ, "ಬೀದೀಲಿ ಹೋಗೋ ಮಾರೀನ ಮನೆಗೆ ಕರಕೊಂಡು ಬಂದ್ರಾ?" ಎಂದಳು. ಎಂದವಳೇ ಒಂದು ರೊಟ್ಟಿ ತಂದು ಹಾಕಿದಳು. ತಾಯಿ ಒಳಗಿನಿಂದಲೇ, ನಾಯಿ ಹೊಸಲು ದಾಟಕೂಡದು ಎಂದಳು.

ಅಷ್ಟರಲ್ಲಿ ಪೇಟೆಯ ಬೀದಿನಾಯಿಗಳು ಸೇರಿದವು. ಒಂದು ಇದರ ಕಿವಿ ಹರಿಯಿತು. ಮಂದೆ ಕಾಯ್ದ ನಾಯಿ ತೋಳಕ್ಕೆ ಹೆದರಿರಲಿಲ್ಲ. ಪೇಟೆಗೆ ಹೆದರಿತು. ಹೊಸಲು ಹಾರಿ ಒಳಗೆ ನುಗ್ಗಿ, ಮುಂಗೋಣೆಯ ಕಂಬಳಿ ರಾಶಿಯ ಮೇಲೆ ಬಿತ್ತು. ಕಂಬಳಿಯಲ್ಲಿ ಕುರಿಯ ವಾಸನೆಯಿತ್ತು. ನಾಯಿ ಮೂಗನ್ನು ಅದರಲ್ಲಿ ಹುದುಗಿಸಿ ಒಂದು ಸಲ ನಿಟ್ಟುಸಿರು ಬಿಟ್ಟು ನಿದ್ದೆಹೋಯಿತು. ಎಬ್ಬಿಸಲು ಹೋದ ವ್ಯಾಪಾರಿ ಅದರ ತಲೆಯ ಮೇಲೆ ಕೈಯಿಟ್ಟು ಅಲ್ಲೇ ಕೂತ. ಅವನಿಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಆಗ.

ತಾಯಿ ಕೆಟ್ಟವಳಲ್ಲ. ಹರಿದ ಕಿವಿಯನ್ನು ನೋಡಿದಳು. "ಮಾತು ಕೊಟ್ಟು ಬಂದಿದ್ದೀಯ, ಇರ್ಲಿ. ಆದ್ರೆ ನಡುಮನೆ ಕೆಡಿಸಿದ್ರೆ ನಾನು ಸುಮ್ಮನಿರೋಳಲ್ಲ" ಎಂದಳು.

ಮುಂಗೋಣೆಯಿಂದ ಹಿತ್ತಲ ಬಾಗಿಲಿಗೆ ಹೋಗಲು ನಡುಮನೆಯನ್ನು ದಾಟಬೇಕು. ನಡುಮನೆಯಲ್ಲಿ ಒಂದು ಮರದ ಕಂಬ. ಕಂಬದ ಆಚೆಗೆ ದೇವರ ಕೋಣೆ. ಬೆಳಗಾಗುತ್ತಲೇ ನಾಯಿ ಎದ್ದು ಬಂತು, ಕಂಬವನ್ನು ಕಂಡಿತು. ಬಯಲಿನ ನಾಯಿಗೆ ಅದು ಮರ. ಮರ ಕಂಡ ನಾಯಿ ಏನು ಮಾಡುತ್ತದೋ ಅದನ್ನು ಮಾಡಿತು.

ತಾಯಿ ಕೂಗಾಡಲಿಲ್ಲ. ಸೊಸೆಯಿಂದ ನೀರು ಹಾಕಿಸಿ ಒರೆಸಿಸಿದಳು. ಆಮೇಲೆ ಕೊಟ್ಟಿಗೆಯಿಂದ ಹಸುವಿನ ಗಂಜಲವನ್ನು ಚೊಂಬಿನಲ್ಲಿ ಹಿಡಿದು ತಂದು, ಮಾವಿನೆಲೆಯಿಂದ ಕಂಬದ ಬುಡಕ್ಕೆ ಚಿಮುಕಿಸಿದಳು. ಅವಳ ಅತ್ತೆ ಅವಳಿಗೆ ಹಾಗೆ ಕಲಿಸಿದ್ದಳು. ಮನೆಯಲ್ಲಿ ಏನು ಮೈಲಿಗೆಯಾದರೂ ಗಂಜಲ ಚಿಮುಕಿಸಿದರೆ ಶುದ್ಧಿ.

ಮರುದಿನ ನಾಯಿ ಬಂದು ಕಂಬದ ಬುಡವನ್ನು ಮೂಸಿ, ಕಾಲೆತ್ತಿತು. ತಾಯಿ ಮತ್ತೆ ಶುದ್ಧಿ ಮಾಡಿದಳು. ಅದರ ಮರುದಿನವೂ ಹೀಗೇ ಆಯಿತು.

ವ್ಯಾಪಾರಿ ನಾಯಿಗೆ ಬುದ್ಧಿ ಕಲಿಸಲು ಹೊರಟ. ಗದರಿಸಿದ. ಕುತ್ತಿಗೆ ಹಿಡಿದು ಅದರ ಮೂಗನ್ನು ಕಂಬದ ಬುಡಕ್ಕೆ ತಿಕ್ಕಿದ. ಒಂದು ಸಲ ಕೋಲಿನಿಂದ ಹೊಡೆದೂ ಹೊಡೆದ. ಹೊಡೆದ ದಿನ ಅವನಿಗೆ ಊಟ ಸೇರಲಿಲ್ಲ. ಇದರಿಂದ ನಾಯಿ ಕಲಿತದ್ದು ಒಂದೇ: ಈ ಮನುಷ್ಯ ನೋಡುತ್ತಿರುವಾಗ ಉಚ್ಚೆ ಹೊಯ್ಯಬಾರದು. ಅದನ್ನು ಅದು ಚೆನ್ನಾಗಿಯೇ ಕಲಿಯಿತು. ಅವನು ಹಿತ್ತಲಿಗೆ ಕರೆದೊಯ್ದು ನಿಂತರೆ ಅದೂ ನಿಲ್ಲುತ್ತಿತ್ತು. ಅವನು ಕಾದಷ್ಟು ಹೊತ್ತೂ ಹೊಟ್ಟೆ ಬಿಗಿಹಿಡಿದು ಕಾಯುತ್ತಿತ್ತು. ಅವನು ಬೇಸತ್ತು ಒಳಗೆ ಬಂದು ಬೆನ್ನು ತಿರುಗಿಸಿದ ಕೂಡಲೇ ಕಂಬಕ್ಕೆ ಹೋಗುತ್ತಿತ್ತು.

ಪೇಟೆಯಲ್ಲಿ ಬಿಟ್ಟಿ ಬುದ್ಧಿಗೆ ಬರವೇ? ಒಬ್ಬ ಮೆಣಸಿನ ಪುಡಿ ಹಾಕು ಎಂದ, ಮನೆಯವರೆಲ್ಲ ಸೀನಿದರು. ಒಬ್ಬ ನೀರು ಕೊಡಬೇಡ ಎಂದ. ಕೊಡದೆ ಇರಲು ವ್ಯಾಪಾರಿಗೆ ಮನಸ್ಸು ಬರಲಿಲ್ಲ. ಉಳಿದವರೆಲ್ಲ ನಾಯಿಬಾಲ ಎಂದಿದ್ದರೂ ಡೊಂಕು ಎಂದು ಹೇಳಿ, ಏನೋ ದೊಡ್ಡ ಉಪಕಾರ ಮಾಡಿದವರಂತೆ ಹೋದರು. ಹೆಂಡತಿ ಮಾತ್ರ ಬಟ್ಟೆ ಹಿಂಡುತ್ತ ಹೇಳಿದಳು: "ಅತ್ತೆ ಚಿಮುಕಿಸ್ತಾರೆ, ಅದೂ ಚಿಮುಕಿಸುತ್ತೆ. ನಡುವೆ ಒರೆಸಿ ಒರೆಸಿ ಸಾಯೋಳು ನಾನು." ವ್ಯಾಪಾರಿ ನಕ್ಕ. ಆ ಮಾತಿನಲ್ಲಿ ಏನಿದೆಯೆಂದು ಅವನಿಗೂ ಹೊಳೆಯಲಿಲ್ಲ, ಆಡಿದವಳಿಗೂ ಹೊಳೆಯಲಿಲ್ಲ.

ಅವನ ತಂದೆಯ ತಿಥಿ ಹತ್ತಿರ ಬಂತು. ತಾಯಿ ಅವನನ್ನು ಕೂರಿಸಿಕೊಂಡಳು.

"ಕೆಟ್ಟ ಮನೇಲಿ ನಿಮ್ಮಪ್ಪನಿಗೆ ಪಿಂಡ ಇಡೋಕಾಗಲ್ಲ. ನಾಳೆ ಇಡೀ ಮನೆ ಶುದ್ಧಿ ಮಾಡ್ತೀನಿ. ತಿಥಿ ದಿನ ಬೆಳಗ್ಗೆ ಆ ನಾಯಿ ಮತ್ತೆ ಕೆಡಿಸಿದ್ರೆ, ಅದು ಈ ಮನೇಲಿ ಇರಕೂಡದು. ಒಪ್ತೀಯೋ?"

ವ್ಯಾಪಾರಿ ಒಪ್ಪಿದ. ಒಪ್ಪದೆ ಏನು ಮಾಡಿಯಾನು? ಆ ಕಡೆ ಮುದುಕನಿಗೆ ಕೊಟ್ಟ ಮಾತು, ಈ ಕಡೆ ತಾಯಿಗೆ ಕೊಟ್ಟ ಮಾತು. ಅತ್ತ ದರಿ ಇತ್ತ ಪುಲಿ.

ಮರುದಿನ ತಾಯಿ ಮಿಂದು, ಒದ್ದೆ ಸೀರೆಯಲ್ಲೇ ಚೊಂಬು ತುಂಬ ಗಂಜಲ ತಂದಳು. ಮೊದಲು ಕಂಬದ ಬುಡ. ಆಮೇಲೆ ದೇವರ ಕೋಣೆಯ ಬಾಗಿಲ ಪಟ್ಟಿ. ಅಲ್ಲಿಂದ ಒರಳುಕಲ್ಲು, ಕಣಜದ ಮೂಲೆ, ಅಡುಗೆಮನೆಯ ಹೊಸಲು. ಕೊನೆಗೆ ಹಿತ್ತಲ ಬಾಗಿಲು. ಸೊಂಟ ನೋಯುತ್ತಿದ್ದರೂ ಒಂದು ಜಾಗವನ್ನೂ ಬಿಡಲಿಲ್ಲ. ಚಿಮುಕಿಸಿದಲ್ಲೆಲ್ಲ ಸತ್ತ ಗಂಡನನ್ನು ನೆನೆದು ಕೈಮುಗಿದಳು.

ತಿಥಿಯ ದಿನ ಬೆಳಕು ಹರಿಯುವ ಹೊತ್ತಿಗೆ ವ್ಯಾಪಾರಿ ಎದ್ದು ಕಣಜದ ಮರೆಯಲ್ಲಿ ಕೂತ. ತಾನು ಎದುರಿಗಿದ್ದರೆ ನಾಯಿ ಬಿಗಿಹಿಡಿದೀತು, ಆಮೇಲೆ ಕೆಡಿಸೀತು, ಅದಕ್ಕಿಂತ ಏನಾಗುತ್ತದೋ ನೋಡಿಯೇಬಿಡೋಣ ಎಂದುಕೊಂಡ.

ನಾಯಿ ಬಂತು. ಕಂಬವನ್ನು ಮೂಸಿ ಕಾಲೆತ್ತಿತು. ಮುಗಿಯಿತು ಎಂದುಕೊಂಡ ವ್ಯಾಪಾರಿ. ಮುಗಿಯಲಿಲ್ಲ. ನಾಯಿ ಮೂಗನ್ನು ನೆಲಕ್ಕಿಟ್ಟು ಮುಂದೆ ಹೋಗಿ ದೇವರ ಕೋಣೆಯ ಬಾಗಿಲ ಪಟ್ಟಿಗೆ ಒಂದಿಷ್ಟು ಹೊಯ್ದಿತು. ಒರಳುಕಲ್ಲಿಗೆ ಹೋಯಿತು. ಕಣಜದ ಮೂಲೆಗೆ ಬಂತು, ವಾಸನೆಯ ಗುಂಗಿನಲ್ಲಿ ಅವನನ್ನೂ ಗಮನಿಸದೆ ಅವನ ಕಾಲ ಪಕ್ಕದಲ್ಲೇ ಕಾಲೆತ್ತಿತು. ಅಡುಗೆಮನೆಯ ಹೊಸಲಿಗೆ ಹೋಯಿತು. ಹಿತ್ತಲ ಬಾಗಿಲಿಗೆ ಬರುವಷ್ಟರಲ್ಲಿ ಅದರ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಕಾಲೆತ್ತಿ, ಒಂದು ಹನಿ ಬೀಳಿಸಿ, ಕರ್ತವ್ಯ ಮುಗಿಸಿತು. ತಾಯಿ ನಡೆದ ದಾರಿಯಲ್ಲೇ ಅದು ನಡೆದಿತ್ತು. ಅವಳು ನಿಂತಲ್ಲೆಲ್ಲ ನಿಂತಿತ್ತು. ಅವಳು ನಿಲ್ಲದ ಕಡೆ ಒಂದು ಹನಿಯನ್ನೂ ಹಾಕಿರಲಿಲ್ಲ.

ಅದರ ನಡೆಯಲ್ಲಿ ಕಳ್ಳತನವಿರಲಿಲ್ಲ. ಹೇಳಿದ ಕೆಲಸವನ್ನು ನಿಯತ್ತಿನಿಂದ ಮಾಡುವ ಆಳಿನಂತೆ ನಡೆದಿತ್ತು.

ವ್ಯಾಪಾರಿ ಎದ್ದು ಕಂಬದ ಬಳಿಗೆ ಹೋದ. ಮಂಡಿಯೂರಿ, ಯಾವ ಜಾಗಕ್ಕೆ ನಾಯಿಯ ಮೂಗನ್ನು ತಿಕ್ಕಿದ್ದನೋ ಅಲ್ಲಿಗೆ ತನ್ನ ಮೂಗನ್ನು ಇಟ್ಟ. ಕೊಟ್ಟಿಗೆಯ ಘಾಟು ನೆತ್ತಿಗೇರಿತು. ಮರದೊಳಗೆ ಗಂಜಲ ಇಳಿದು ಕೂತಿತ್ತು. ಇದು ಉಚ್ಚೆ ಹೊಯ್ಯುವ ಜಾಗ ಎಂದು ಮನೆಯವರೇ ದಿನಾ ಬೆಳಗ್ಗೆ ನಾಯಿಗೆ ಹೇಳಿದ್ದಾರೆ, ಹೇಳಿದಂತೆ ಮಾಡಿದ್ದಕ್ಕೆ ಹೊಡೆದಿದ್ದಾರೆ. ಅವನಿಗೆ ಮೊದಲು ನಗು ಬಂತು. ಕೋಲಿನ ನೆನಪಾಗಿ ನಗು ನಿಂತಿತು.

ತಾಯಿಯನ್ನು ಎಬ್ಬಿಸಿ ಹೇಳಿದ. ಅವಳು ಕೆಂಡವಾದಳು.

"ಗೋಮಾತೆ ಗಂಜಲಕ್ಕೂ ನಾಯಿ ಉಚ್ಚೆಗೂ ವ್ಯತ್ಯಾಸ ಇಲ್ವೇನೋ?"

"ನಮಗಿದೆ ಅಮ್ಮ. ಅದಕ್ಕೆ ಇಲ್ಲ."

ವ್ಯಾಪಾರಿ ಬೇಡಿಕೊಂಡ. ಇದೊಂದು ಸಲ ಬಿಟ್ಟುಬಿಡು, ನಾನು ಹೇಳಿದಂತೆ ಮಾಡೋಣ, ಮತ್ತೆ ಕೆಡಿಸಿದರೆ ನಾನೇ ಕರೆದುಕೊಂಡು ಹೋಗಿ ಮುದುಕನ ಕೈಗೆ ಒಪ್ಪಿಸಿ ಬರುತ್ತೇನೆ ಎಂದ. ತಾಯಿ ಗೊಣಗುತ್ತ ಮೀಯಲು ಹೋದಳು.

ಅವನು ಪಂಚೆ ಮೇಲೆ ಕಟ್ಟಿ, ಬಿಸಿನೀರಿಗೆ ಹುಣಸೆಹುಳಿ ಕಿವುಚಿ ಹಾಕಿ, ಅಷ್ಟೂ ಜಾಗಗಳನ್ನು ವಾಸನೆ ಹೋಗುವವರೆಗೆ ತಿಕ್ಕಿ ತೊಳೆದ. ತೊಳೆದದ್ದನ್ನು ಒಣಗಲು ಬಿಟ್ಟ, ಮೇಲೆ ಏನನ್ನೂ ಚಿಮುಕಿಸಲಿಲ್ಲ. ಬೇಕಾದರೆ ಸಾಂಬ್ರಾಣಿ ಹೊಗೆ ಹಾಕು ಎಂದು ತಾಯಿಗೆ ಹೇಳಿದ. ಚೊಂಬಿನಲ್ಲಿ ಉಳಿದ ಗಂಜಲವನ್ನು ಹಿತ್ತಲಿನ ಆಚೆ ಪಾಳು ಜಾಗದಲ್ಲಿದ್ದ ಎಕ್ಕದ ಗಿಡದ ಬುಡಕ್ಕೆ ಸುರಿದ. ನಾಯಿ ಹೊಟ್ಟೆತುಂಬ ನೀರು ಕುಡಿದು ಎದ್ದಾಗ ಅದನ್ನು ಅಲ್ಲಿಗೆ ಕರೆದೊಯ್ದು, ಬೆನ್ನು ತಿರುಗಿಸಿ ನಿಂತ. ನೋಡಿದರೆ ಅದು ಹೊಯ್ಯುವುದಿಲ್ಲವಲ್ಲ! ಹಿಂದೆ ಸದ್ದಾಯಿತು. ತಿರುಗಿ "ಭಲೇ, ನನ್ನಪ್ಪ!" ಎಂದು ತಬ್ಬಿಕೊಂಡು ರೊಟ್ಟಿಯ ಚೂರು ಕೊಟ್ಟ. ನಾಯಿ ಬೆರಗಾಗಿ ಅವನ ಮುಖ ನೋಡಿತು. ಇಷ್ಟು ದಿನ ಹೊಡೆಸಿಕೊಂಡ ಕೆಲಸಕ್ಕೆ ಈಗ ರೊಟ್ಟಿ ಸಿಕ್ಕಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ನಾಯಿ ಉಚ್ಚೆ ಹೊಯ್ದಿದ್ದಕ್ಕೆ ಹಬ್ಬ ಮಾಡೋ ಗಂಡಸನ್ನ ನಾನಂತೂ ಎಲ್ಲೂ ಕಂಡಿಲ್ಲ" ಎಂದಳು.

ಆ ದಿನದಿಂದ ನಾಯಿ ಎದ್ದರೆ ಎಕ್ಕದ ಗಿಡ, ಉಂಡರೆ ಎಕ್ಕದ ಗಿಡ. ತಿಥಿ ನಡೆಯಿತು. ದಿನಗಳು ಕಳೆದವು. ಕಂಬದ ಪಕ್ಕದಲ್ಲೇ ಹಾದುಹೋದರೂ ನಾಯಿ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ.

ತಾಯಿ ನೋಡುತ್ತಿದ್ದಳು. ಉಣ್ಣಲು ಕೂತರೂ ಅವಳ ಕಣ್ಣು ಕಂಬದ ಬುಡದ ಮೇಲೆ. ದೇವರಿಗೆ ದೀಪ ಹಚ್ಚುವಾಗಲೂ ಬೆನ್ನ ಹಿಂದೆ ಕಂಬವಿದೆ ಎಂಬುದು ಮರೆಯುತ್ತಿರಲಿಲ್ಲ. ಪಾಪ, ಅವಳನ್ನು ನೋಡಿ ನಗಬೇಡ. ಆ ಮನೆಗೆ ಕಾಲಿಟ್ಟಾಗಿನಿಂದ ಅದರ ಶುದ್ಧಿಯನ್ನು ಅವಳ ಕೈಗೆ ಒಪ್ಪಿಸಿದ್ದರು. ಮಗ ನೆಟ್ಟಗಿರುವುದು, ಸೊಸೆ ನೆಟ್ಟಗಿರುವುದು, ಸತ್ತವನಿಗೆ ಸದ್ಗತಿ ಸಿಗುವುದು, ಎಲ್ಲವೂ ತನ್ನ ಮಾವಿನೆಲೆಯ ತುದಿಯಲ್ಲಿದೆ ಎಂದು ಅವಳು ನಿಜವಾಗಿ ನಂಬಿದ್ದಳು. ಹುಣಸೆ ನೀರಿನಿಂದ ಪಾತ್ರೆ ಶುದ್ಧವಾಗುತ್ತದೆ, ಮನೆ ಆಗುತ್ತದೆಯೇ? ಆಗದಿದ್ದರೆ? ಹೀಗೆ ಅವಳಿಗೆ ನಿದ್ದೆ ಕಡಿಮೆಯಾಯಿತು.

ಒಂದು ಏಕಾದಶಿಯ ಬೆಳಗ್ಗೆ ತಾಯಿಯ ಕೂಗಿಗೆ ವ್ಯಾಪಾರಿ ಓಡಿಬಂದ. ಕಂಬದ ಬುಡ ಒದ್ದೆಯಾಗಿತ್ತು. ನಾಯಿ ಪಕ್ಕದಲ್ಲಿ ನಿಂತು, ರೊಟ್ಟಿ ಸಿಗುತ್ತದೆಂದು ಅವನ ಕೈ ನೋಡುತ್ತಿತ್ತು.

"ನೋಡೋ! ಡೊಂಕು ಡೊಂಕೇ. ನೀನು ಮಾತು ಕೊಟ್ಟಿದ್ದೀಯ" ಎಂದಳು ತಾಯಿ.

ವ್ಯಾಪಾರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಮಾತು ಎಂದರೆ ಮಾತು. ಮುದುಕನ ಮಗಳ ಊರು ದೂರ, ದಾರಿಯುದ್ದಕ್ಕೂ ಬೀದಿನಾಯಿಗಳ ಕಾಟ. ಕೈಯಲ್ಲಿ ಹಿಡಿದುಕೊಳ್ಳದೆ ಕರೆದೊಯ್ಯುವಂತಿಲ್ಲ. ಕೊಟ್ಟಿಗೆಗೆ ಹೋಗಿ ಹಗ್ಗ ತಂದ. ಕಟ್ಟುವುದಿಲ್ಲ ಎಂದು ಹೇಳಿದ ಕೈಯಿಂದಲೇ ಕುಣಿಕೆ ಹಾಕಿದ.

ನಾಯಿಗೆ ಹಗ್ಗ ಗೊತ್ತಿಲ್ಲ. ಕುಣಿಕೆ ಹಾಕುವಾಗ ಕುತ್ತಿಗೆ ಚಾಚಿ ಕೊಟ್ಟಿತು, ಅವನ ಬೆರಳು ನೆಕ್ಕಿತು. ಎಳೆದಾಗ ಗೊತ್ತಾಯಿತು. ಬೊಗಳಲಿಲ್ಲ, ಕಚ್ಚಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಮಲಗಿ, ಏನು ತಪ್ಪು ಮಾಡಿದೆ ಎಂದು ಕೇಳುವ ಹಾಗೆ ಮೇಲಕ್ಕೆ ನೋಡಿತು. ವ್ಯಾಪಾರಿಗೆ ಇನ್ನೊಮ್ಮೆ ಎಳೆಯಲು ಕೈ ಬರಲಿಲ್ಲ. ಹಗ್ಗ ಹಿಡಿದುಕೊಂಡೇ ಅತ್ತ. ಗಡ್ಡಮೀಸೆ ಬಂದ ಗಂಡಸು, ಹೆಂಡತಿಯ ಎದುರಿಗೆ, ತಾಯಿಯ ಎದುರಿಗೆ ಅತ್ತ.

ತಾಯಿ ದೇವರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಸೆರಗಿನ ಮರೆಯಲ್ಲಿ ಒಂದು ಮಾವಿನೆಲೆಯಿತ್ತು. ಅದರಿಂದ ಇನ್ನೂ ಹನಿ ಬೀಳುತ್ತಿತ್ತು.

"ನಿಲ್ಲೋ" ಎಂದಳು. "ಇವತ್ತು ನಾಯಿಗಿಂತ ಮುಂಚೆ ನಾನೇ ಚಿಮುಕಿಸಿದ್ದೆ ಕಣಪ್ಪ."

"ಯಾಕಮ್ಮ? ಅಲ್ಲಿ ಏನೂ ಇರ್ಲಿಲ್ವಲ್ಲ?"

"ಮುಂಚೆ ಇತ್ತಲ್ಲ" ಎಂದಳು ತಾಯಿ.

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಅವಳು ಮಾವಿನೆಲೆಯನ್ನು ಕೆಳಗಿಟ್ಟಳು. ಹುಟ್ಟಿದಾಗಿನಿಂದ ನಾಯಿಯನ್ನು ಮುಟ್ಟದವಳು, ಮಿಂದ ಮೈಯಲ್ಲಿ ನೆಲಕ್ಕೆ ಕೂತು, ಅದರ ಕುತ್ತಿಗೆಯ ಕುಣಿಕೆಯನ್ನು ತನ್ನ ಕೈಯಿಂದ ಬಿಚ್ಚಿದಳು. ಗಂಟು ಬಿಗಿದಿತ್ತು. ಬಿಚ್ಚಲು ಹೊತ್ತು ಹಿಡಿಯಿತು. ನಾಯಿ ಅವಳ ಮಡಿಲಿಗೆ ತಲೆಯಿಟ್ಟಿತು, ಅವಳು ತೆಗೆ ಎನ್ನಲಿಲ್ಲ.

ಅಂದಿನಿಂದ ಗಂಜಲದ ಚೊಂಬು ಕೊಟ್ಟಿಗೆಯಲ್ಲೇ ಉಳಿಯಿತು. ಆದರೆ ಚೊಂಬು ಕೊಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಕೈ ಸುಮ್ಮನಿರುತ್ತದೆಯೇ? ತಾಯಿ ಅನೇಕ ವ್ರತ ಮಾಡಿದವಳು, ಉಪವಾಸ ಮಾಡಿದವಳು. ಕಂಬದ ಮುಂದೆ ಏನೂ ಮಾಡದೆ ಹಾದುಹೋಗುವುದು ಅವೆಲ್ಲಕ್ಕಿಂತ ಕಷ್ಟವಾಯಿತು. ಬೆಳಗ್ಗೆ ಅಲ್ಲಿಗೆ ಬಂದರೆ ಬಲಗೈ ತಾನಾಗಿ ಏಳುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡು ಮುಂದೆ ಹೋಗುತ್ತಿದ್ದಳು. ಕೆಲವು ದಿನ ಕೊಟ್ಟಿಗೆಯವರೆಗೆ ಹೋಗಿ, ಹಸುವಿನ ಬೆನ್ನು ಸವರಿ, ಬರಿಗೈಯಲ್ಲಿ ಬಂದಳು. ಒಂದೆರಡು ಸಲ ಸೋತು ಚಿಮುಕಿಸಿಯೂಬಿಟ್ಟಳು. ಸೋತ ದಿನ ತಾನೇ ಹುಣಸೆಹುಳಿ ಕಿವುಚಿ ತೊಳೆದಳು. ಮಗ ಕಂಡರೂ ಕಾಣದವನಂತಿದ್ದ.

ಹೀಗೇ ಇರುತ್ತ ಒಂದು ಮಧ್ಯಾಹ್ನ ಸೊಸೆ ಒಳಗಿನಿಂದ ಬಂದು ನೋಡುತ್ತಾಳೆ, ಅತ್ತೆ ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದಾಳೆ. ಬೆನ್ನನ್ನು ಅದೇ ಕಂಬಕ್ಕೆ ಒರಗಿಸಿ, ಕಾಲು ಚಾಚಿ ಕೂತಿದ್ದಾಳೆ. ಎಲ್ಲಿ ಕೂತಿದ್ದೇನೆಂಬುದು ಅವಳಿಗೆ ನೆನಪೇ ಇಲ್ಲ. ಬಾಯಿ ತೆರೆದರೆ ಹಾಸ್ಯ ಮಾಡುವ ಸೊಸೆ ಅಂದು ಕಾಲು ಸಪ್ಪಳವಾಗದಂತೆ ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಪಂಪಾಪತಿಯ ಮುಖ ಸ್ವಲ್ಪ ಹಗುರವಾಗಿತ್ತು. ತನಗೆ ಬೇಕಾದದ್ದು ಸಿಕ್ಕಿತೆಂದು ಅವನಿಗೆ ಅನ್ನಿಸಿತ್ತು.

"ತಿಳಿಯಿತು, ಗುರುಗಳೇ. ನನ್ನ ಮನಸ್ಸನ್ನೂ ಆ ನಾಯಿಯ ಹಾಗೆ ಪಳಗಿಸಬೇಕು. ಅದಕ್ಕೆ ಯಾವ ವ್ರತ ಹಿಡಿಯಲಿ?"

"ನಾಯಿ ಪಳಗಿದ್ದು ಒಂದೇ ದಿನದಲ್ಲಿ ಕಣಯ್ಯ, ನಾನು ಇಷ್ಟು ಹೊತ್ತು ಹೇಳಿದ್ದು ತಾಯಿಯ ಕತೆ" ಎಂದರು ಗುರುಗಳು.